ಅಜ್ಜನ ಯುದ್ಧಕಾಲದ ಪಿಸ್ತೂಲು: ಅಸಲಿನಾ, ನಕಲಿನಾ, ಬೆಲೆ ಎಷ್ಟು?

ಪುಣೆಯಲ್ಲಿರೋ ನಮ್ಮ ಜನ, ಅದರಲ್ಲೂ ಕೊಡಗು, ಬೆಳಗಾವಿ ಕಡೆಯವರು ಕೇಳೋ ಪ್ರಶ್ನೆ ಇದು: ಅಜ್ಜ ಎರಡನೇ ಮಹಾಯುದ್ಧದಲ್ಲಿದ್ದರು, ಅವರ ಪಿಸ್ತೂಲು ಊರಿನ ಟ್ರಂಕಿನಲ್ಲಿದೆ, ಎಷ್ಟು ಬರುತ್ತೆ? ನನ್ನ ಉತ್ತರ ಇಷ್ಟೇ: ಅಸಲಿತನವನ್ನ ಲೋಹ ಹೇಳುತ್ತೆ, ಬೆಲೆಯನ್ನ ಕಾಗದ ಹೇಳುತ್ತೆ.

ನಾವು ಪಿಸ್ತೂಲು ಅಂತ ಕರೆದರೂ ಬ್ರಿಟಿಷ್ ಇಂಡಿಯನ್ ಸೇನೆಯದ್ದು ಹೆಚ್ಚಾಗಿ ರಿವಾಲ್ವರೇ. 1915ರಿಂದ ಬಂದ .455 ವೆಬ್ಲಿ ಮಾರ್ಕ್ 6, 1932ರ .38 ಎನ್‌ಫೀಲ್ಡ್ ನಂಬರ್ 2, ಯುದ್ಧಕಾಲದ .38 ವೆಬ್ಲಿ ಮಾರ್ಕ್ 4. ಎನ್‌ಫೀಲ್ಡ್ ಆದರೆ ಚೌಕಟ್ಟಿನ ಬಲಬದಿಯಲ್ಲಿ ಕಿರೀಟ, ಕಾರ್ಖಾನೆಯ ಹೆಸರು, ಮಾದರಿ, ಇಸವಿ ಇರುತ್ತೆ. ಹ್ಯಾಮರ್‌ಗೆ ಹೆಬ್ಬೆರಳಿಡೋ ಬಾಲ ಇಲ್ಲದಿದ್ದರೆ ಮುರಿದಿದೆ ಅಂದ್ಕೋಬೇಡಿ. 1938ರಲ್ಲಿ ಬಂದ ಮಾದರಿಯೇ ಹಾಗೆ. ವೆಬ್ಲಿ ಮೇಲೆ ಒರಟು ಮೇಲ್ಮೈ, 'ವಾರ್ ಫಿನಿಷ್' ಅನ್ನೋ ಮುದ್ರೆ ಕಂಡರೆ ಖುಷಿಪಡಿ. ಯುದ್ಧದ ಅವಸರದಲ್ಲಿ ಪಾಲಿಶ್ ಬಿಟ್ಟಿದ್ದರ ಗುರುತು ಅದು.

ಆಮೇಲೆ ನಂಬರು. ಚೌಕಟ್ಟು, ನಳಿಗೆ, ಸಿಲಿಂಡರ್ ಮೂರರಲ್ಲೂ ಒಂದೇ ಇದ್ದರೆ ಸಂಗ್ರಾಹಕರ ಕಣ್ಣರಳುತ್ತೆ. ಹೊಳಪಿನ ಕೆಳಗೆ ತುಕ್ಕಿನ ಗುಳಿ, ಅಕ್ಷರಗಳ ಅಂಚು ಸವೆದಿರೋದು ಕಂಡರೆ ಯಾರೋ ಉಜ್ಜಿ ಮತ್ತೆ ಬಣ್ಣ ಕೊಟ್ಟಿದ್ದಾರೆ ಅಂತ. ಹೊರದೇಶದಲ್ಲಿ ಅದಕ್ಕೆ ಬೆಲೆ ಇಳಿಯುತ್ತೆ. ಅದಕ್ಕೇ ದಯವಿಟ್ಟು ಹುಣಸೆಹಣ್ಣು ಹಾಕಿ ಬೆಳಗಬೇಡ್ರಪ್ಪಾ, ಅದು ತಾಮ್ರದ ಚೊಂಬಲ್ಲ.

ನಕಲಿ ಹೆಚ್ಚಾಗಿ ಪೇಶಾವರದ ದಕ್ಷಿಣಕ್ಕಿರೋ ದರ್ರಾ ಆದಂ ಖೇಲ್ ಕಡೆಯದು. ಅಲ್ಲಿನ ಕುಶಲಕರ್ಮಿಗಳ ಕೈ ಅದ್ಭುತ, ಇಂಗ್ಲಿಷ್ ಮಾತ್ರ ಕಷ್ಟ. ಎನ್ ಅಕ್ಷರ ತಿರುಗಿರುತ್ತೆ, ಕಾಗುಣಿತ ತಪ್ಪಿರುತ್ತೆ. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್. ಇದ್ದು ಇಸವಿ 1916 ಅಂತಿದ್ದರೆ? ರಾಣಿ ತೀರಿಹೋಗಿದ್ದು 1901ರಲ್ಲಿ!

ಜೊತೆಗೆ ಸಿಕ್ಕ ಕಾಡತೂಸಿನ ತಳದಲ್ಲಿ ಕೆ.ಎಫ್. ಅಂತಿದ್ದರೆ ಅದು ನಮ್ಮ ಪಕ್ಕದ ಖಡ್ಕಿಯದ್ದು. ಅಲ್ಲಿನ ಮದ್ದುಗುಂಡು ಕಾರ್ಖಾನೆ 1869ರದ್ದು. ಆದರೆ ಅದು ಗುಂಡಿನ ಜಾತಕ, ಪಿಸ್ತೂಲಿನದ್ದಲ್ಲ.

ಈಗ ದುಡ್ಡು. ಅಮೆರಿಕದ ಹರಾಜಿನ ಡಾಲರನ್ನ ರೂಪಾಯಿಗೆ ಗುಣಿಸ್ತಾ ಕೂರಬೇಡಿ. ನಮ್ಮಲ್ಲಿ .38, .455, 9 ಎಂಎಂ ನಿಷೇಧಿತ ಬೋರ್; ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು. ಹಳೆ ವಿದೇಶಿ .32ಕ್ಕೆ ಲೈಸೆನ್ಸ್ ಇರೋರ ನಡುವೆ ಒಳ್ಳೆ ಬೆಲೆ ಬರುತ್ತೆ. ಅಜ್ಜನ ಅಪರೂಪದ ವೆಬ್ಲಿ ಮಾರೋಕೇ ಆಗದೆ ಉಳಿಯಬಹುದು.

'ತುಕ್ಕು ಹಿಡಿದಿದೆ, ಲೈಸೆನ್ಸ್ ಯಾಕೆ?' ಅನ್ನೋರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡೋದು ರಿಪೇರಿ ಮಾಡಿದರೂ ಹಾರದ ಹಳೇ ಆಯುಧಕ್ಕೆ ಮಾತ್ರ. ನಿಷೇಧಿತ ಆಯುಧ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, 7ರಿಂದ 14 ವರ್ಷ ಜೈಲು.

ಹಾಗಾಗಿ ಟ್ರಂಕಿನಲ್ಲಿ ಮೊದಲು ಹುಡುಕಬೇಕಾದ್ದು ಅಜ್ಜನ ಲೈಸೆನ್ಸ್ ಪುಸ್ತಕ. ಲೈಸೆನ್ಸುದಾರರು ತೀರಿಕೊಂಡಿದ್ದರೆ ಆಯುಧವನ್ನ ಕೂಡಲೇ ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಒಪ್ಪಿಸಿ, ರಸೀದಿ ತಗೊಂಡು, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. ಪುಸ್ತಕವೇ ಸಿಗದಿದ್ದರೆ ವಕೀಲರನ್ನ ಕಂಡು, ಆಯುಧ ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಗುಂಡು ತುಂಬಿದೆಯಾ ಅಂತ ನೀವೇ ಬಿಚ್ಚಿ ನೋಡಬೇಡಿ. ಮುಖ್ಯವಾಗಿ, 'ಪುಣೆಯಲ್ಲಿ ಯಾರಿಗಾದ್ರೂ ತೋರಿಸ್ತೀನಿ' ಅಂತ ಬ್ಯಾಗಿಗೆ ಹಾಕ್ಕೊಂಡು ರಾತ್ರಿ ಬಸ್ ಹತ್ತಬೇಡಿ.