ಮುಂಚಕ್ರದ ಸ್ಟ್ರಟ್ ಸವೆದಾಗ

ಬೈಲಹೊಂಗಲದಿಂದ ಸವದತ್ತಿಗೋ, ಅಲ್ಲಿಂದ ರಾಮದುರ್ಗಕ್ಕೋ ಹಳೆಯ ಮಾರುತಿ 800 ಕಾರಿನಲ್ಲಿ ಹೋಗಿದ್ದೀರಾ? ಕೆಲವೆಡೆ ರಸ್ತೆಯಲ್ಲಿ ಗುಂಡಿ ಇರುವುದಿಲ್ಲ. ಆದರೂ ಕಾರಿನ ಮೂತಿ ತೊಟ್ಟಿಲಿನಂತೆ ಮೇಲೆ ಕೆಳಗೆ ತೂಗುತ್ತದೆ. ಇದಕ್ಕೆ ರಸ್ತೆಯ ಕೆಳಗಿನ ಎರೆಮಣ್ಣು ಒಂದು ಕಾರಣ. ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಉಬ್ಬು ಎಲ್ಲೆಡೆ ಒಂದೇ ಸಮನಾಗಿರದ ಕಾರಣ ಡಾಂಬರು ಅಲೆಅಲೆಯಾಗುತ್ತದೆ. ಎರಡನೆಯ ಕಾರಣ ಕಾರಿನಲ್ಲೇ ಇದೆ. ಅದು ಸವೆದ ಸ್ಟ್ರಟ್.

ಸ್ಟ್ರಟ್ ಎಂದರೇನು?

ಸುರುಳಿ ಸ್ಪ್ರಿಂಗ್ ಮತ್ತು ಗ್ಯಾರೇಜಿನವರು 'ಶಾಕಪ್' ಎನ್ನುವ ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬವೇ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಇದನ್ನು ರೂಪಿಸಿದರು. ನಮ್ಮಲ್ಲಿ 1983ರ ಕೊನೆಯಲ್ಲಿ ಬಂದ ಮಾರುತಿ 800ರ ಮುಂಚಕ್ರಗಳಿಗೂ ಇದೇ ಏರ್ಪಾಡು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದ್ದರಿಂದ ಇಂದು ಓಡುತ್ತಿರುವ ಪ್ರತಿಯೊಂದು ಮಾರುತಿ 800 ಕೂಡ ಹಳೆಯ ಕಾರೇ.

ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ಮರಳಿ ಕೊಡುತ್ತದೆ. ಅದೊಂದೇ ಇದ್ದರೆ ಕಾರು ಒಂದು ಉಬ್ಬು ದಾಟಿದ ಮೇಲೂ ಬಹಳ ಹೊತ್ತು ಕುಣಿಯುತ್ತಿರುತ್ತದೆ. ಶಾಕ್ ಅಬ್ಸಾರ್ಬರಿನ ಒಳಗೆ ಪಿಸ್ಟನ್ ಎಣ್ಣೆಯಲ್ಲಿ ಚಲಿಸುತ್ತದೆ. ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿ ಉಷ್ಣವಾಗಿ ಬದಲಾಗಿ ಹೊರಹೋಗುತ್ತದೆ. ಸೀಲು ಸವೆದು ಎಣ್ಣೆ ಸೋರಿದರೆ ಈ ಕೆಲಸ ನಿಲ್ಲುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಕಾರಿನ ಭಾರಕ್ಕೆ ಸ್ಪ್ರಿಂಗ್ 10 ಸೆಂ.ಮೀ. ಕುಗ್ಗಿದೆ ಎನ್ನೋಣ. ಅಂಥ ಕಾರು ಸೆಕೆಂಡಿಗೆ ಸುಮಾರು ಒಂದೂವರೆ ಬಾರಿ ಕುಣಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ರಸ್ತೆಯ ಅಲೆಗಳ ನಡುವೆ 11 ಮೀಟರ್ ಅಂತರವಿದ್ದರೆ, ಸೆಕೆಂಡಿಗೆ ಒಂದೂವರೆ ಅಲೆ ಚಕ್ರಕ್ಕೆ ತಾಗುತ್ತದೆ. ಜೋಕಾಲಿಗೆ ಸರಿಯಾದ ಹೊತ್ತಿಗೆ ಜೀಕು ಕೊಟ್ಟಂತೆ ಕುಣಿತ ಬೆಳೆಯುತ್ತದೆ. ಇದೇ ಅನುರಣನೆ. ವೇಗವನ್ನು 40ಕ್ಕೆ ಇಳಿಸಿದರೆ ತಾಳ ತಪ್ಪಿ ತೂಗಾಟ ತಗ್ಗುತ್ತದೆ. ಆದರೆ ಇದು ತಾತ್ಕಾಲಿಕ ಉಪಾಯ ಮಾತ್ರ.

ಸ್ಟ್ರಟ್ ಸವೆದಿರುವುದು ಬರಿಯ ಸುಖದ ಪ್ರಶ್ನೆಯಲ್ಲ. ಚಕ್ರ ನೆಲವನ್ನು ಒತ್ತಿದಷ್ಟೂ ಬ್ರೇಕಿಗೆ ಹಿಡಿತ. ಚಕ್ರ ಪುಟಿಯುತ್ತಿದ್ದರೆ ಹಿಡಿತ ಬಿಟ್ಟು ಬಿಟ್ಟು ಸಿಗುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಕಿತ್ತೂರಿನ ಬಳಿ ಪುಣೆ-ಬೆಂಗಳೂರು ಹೆದ್ದಾರಿಗೆ ಇಳಿದಾಗಲೋ, ರಾತ್ರಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡಾಗಲೋ ಆ ಕೆಲವು ಮೀಟರುಗಳೇ ಜೀವ ಉಳಿಸುವಂಥವು.

ಪರೀಕ್ಷೆ ಹೇಗೆ?

ಕಾರಿನ ಮುಂಭಾಗದ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಸ್ಟ್ರಟ್ ಸವೆದಿದೆ. ಕಂಬದ ಮೇಲೆ ಎಣ್ಣೆ ಮೆತ್ತಿದ ಧೂಳು, ಟಯರಿನಲ್ಲಿ ಅಲ್ಲಲ್ಲಿ ತಗ್ಗು ಬಿದ್ದ ಸವೆತ, ಬ್ರೇಕ್ ಹಾಕಿದಾಗ ಮೂತಿ ತೀರ ಬಾಗುವುದು ಇತರ ಲಕ್ಷಣಗಳು.

ಮನೆಯಲ್ಲಿ ಎಷ್ಟು ಮಾಡಬಹುದು?

ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ ಸ್ಟ್ರಟ್ಟನ್ನು ಇಡಿಯಾಗಿ ಕಳಚುವ ಕೆಲಸ ನಿಮ್ಮಿಂದ ಸಾಧ್ಯ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೋಲ್ಟುಗಳಿಗೆ ಹಾಕಿಡಿ.

1. ಸಮತಟ್ಟಾದ, ಗಟ್ಟಿಯಾದ ನೆಲ ಆರಿಸಿ. ಎರೆಮಣ್ಣಿನ ಅಂಗಳದಲ್ಲಿ ಜಾಕ್ ಹೂತು ವಾಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಹಿಂಚಕ್ರಗಳಿಗೆ ಕಲ್ಲು ಕೊಡಿ.

2. ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಕಾರನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ತೆಗೆಯಿರಿ. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಕೈಯನ್ನೂ ಇಡಬೇಡಿ.

3. ಬ್ರೇಕ್ ಹೋಸನ್ನು ಸ್ಟ್ರಟ್ಟಿನಿಂದ ಬಿಡಿಸಿ. ಚಕ್ರದ ಕೀಲು ಭಾಗವನ್ನು ತಂತಿಯಿಂದ ಕಟ್ಟಿ ಆಧಾರ ಕೊಡಿ. ಅದು ಜೋತುಬಿದ್ದರೆ ಹೋಸಿಗೂ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟಿಗೂ ಪೆಟ್ಟು.

4. ಕೆಳಗಿನ ಬೋಲ್ಟುಗಳು ಕುಳಿತ ಜಾಗವನ್ನು ಗುರುತು ಮಾಡಿ ಬಿಚ್ಚಿ. ನಂತರ ಬಾನೆಟ್ ತೆರೆದು, ಸ್ಟ್ರಟ್ಟನ್ನು ಬಾಡಿಗೆ ಬಿಗಿದಿರುವ ಸುತ್ತಲಿನ ನಟ್ಟುಗಳನ್ನು ಮಾತ್ರ ತೆಗೆಯಿರಿ.

ನಡುವಿನ ನಟ್ಟನ್ನು ಮುಟ್ಟಬೇಡಿ!

ಕುಗ್ಗಿದ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಆ ಒಂದೇ ನಟ್ಟು. ಅದನ್ನು ಬಿಚ್ಚಲು ಸ್ಪ್ರಿಂಗನ್ನು ಮೊದಲು ಕಂಪ್ರೆಸರಿನಲ್ಲಿ ಬಿಗಿಹಿಡಿಯಬೇಕು. ನಮ್ಮ ಲೆಕ್ಕದ ಸ್ಪ್ರಿಂಗ್ 10 ಸೆಂ.ಮೀ. ಕುಗ್ಗಿ 2,000 ನ್ಯೂಟನ್ ಬಲದಿಂದ ಒತ್ತುತ್ತಿದ್ದರೆ ಅದರಲ್ಲಿರುವ ಶಕ್ತಿ 100 ಜೂಲ್. ಹತ್ತು ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಕಾಲ ಮೇಲೆ ಬಿದ್ದಷ್ಟು! ಕೈ ಅಥವಾ ಮುಖ ಎದುರಿಗಿದ್ದರೆ ಗತಿ ಏನು? ಹಗ್ಗ, ತಂತಿ, ಬೈಂಡಿಂಗ್ ವೈರಿನಿಂದ ಸ್ಪ್ರಿಂಗ್ ಕಟ್ಟುವ ಸಾಹಸ ಬೇಡ. ಕಳಚಿದ ಸ್ಟ್ರಟ್ಟನ್ನು ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು, ಸ್ಪ್ರಿಂಗನ್ನು ಹೊಸ ಶಾಕ್ ಅಬ್ಸಾರ್ಬರಿಗೆ ಅವರಿಂದಲೇ ಕೂರಿಸಿ ತನ್ನಿ. ಮೇಲಿನ ರಬ್ಬರ್ ಮೌಂಟ್, ಬೇರಿಂಗ್, ಧೂಳುಚೀಲ ಹಾಳಾಗಿದ್ದರೆ ಆಗಲೇ ಬದಲಿಸಿ.

ಮರಳಿ ಜೋಡಿಸುವಾಗ

ಕಳಚಿದ ಕ್ರಮವನ್ನು ತಿರುವುಮುರುವು ಮಾಡಿ. ಗುರುತಿಗೆ ಸರಿಯಾಗಿ ಬೋಲ್ಟ್ ಕೂರಿಸಿ, ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿ ಕೊಡಿ. ಎರಡೂ ಬದಿಯ ಸ್ಟ್ರಟ್ಟುಗಳನ್ನು ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದಾದರೆ ಬ್ರೇಕ್ ಹಾಕಿದಾಗ ಎರಡು ಚಕ್ರಗಳ ಹಿಡಿತ ಸಮನಾಗಿರದೆ ಕಾರು ಒಂದು ಕಡೆಗೆ ಎಳೆಯಬಹುದು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಗುರುತು ಎಷ್ಟೇ ಸರಿಯಿದ್ದರೂ ಕೋನ ತುಸು ಬದಲಾಗಿರುತ್ತದೆ, ಹೊಸ ಟಯರು ಕೆಲವೇ ತಿಂಗಳಲ್ಲಿ ಒಂದು ಅಂಚು ಸವೆದೀತು.

ಮುಂದಿನ ಸಲ ಯಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವ ಮುನ್ನ ಕಾರಿನ ಮೂಲೆಯನ್ನು ಒಮ್ಮೆ ಅದುಮಿ ನೋಡಿ. ಅರ್ಧ ನಿಮಿಷದ ಕೆಲಸ. ಉಳಿದುದನ್ನು ಕಾರೇ ಹೇಳುತ್ತದೆ.