ಥಂಡಿ ನೀರಿಗೆ ಸಣ್ಣ ತುತ್ತು

ದೀಪಾವಳಿ ದಾಟಿ ಸಂಕ್ರಾಂತಿ ಬರುವವರೆಗೆ ವಿಜಯಪುರದ ಪಶ್ಚಿಮ ಸೀಮೆಯಲ್ಲಿ ಒಂದೇ ದಿನ ಎರಡು ಹವೆ. ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಬಿಸಿಲು, ನಸುಕಿಗೆ ಕೆಲವೊಮ್ಮೆ 10 ಡಿಗ್ರಿ ಆಸುಪಾಸಿಗೆ ಇಳಿಯುವ ಥಂಡಿ. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿ, ಬಿಜ್ಜರಗಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಏರಿಳಿತ ಚೆನ್ನಾಗಿ ಗೊತ್ತು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಬರದ ಸೀಮೆಯ ಕೆರೆಗಳಿಗೆ ಬಂದ ಮೇಲೆ, ದಂಡೆಯಲ್ಲಿ ಗಾಳ ಹಿಡಿದು ಕೂಡುವವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. ಬೇಸಿಗೆಯಲ್ಲಿ ದೊಡ್ಡ ಹಿಟ್ಟಿನುಂಡೆಯನ್ನೂ ಬಿಡದೆ ಕುಕ್ಕುವ ಮೀನು, ಚಳಿಯಲ್ಲಿ ಅದರ ಹತ್ತಿರಕ್ಕೂ ಸುಳಿಯದೆ ಗೋದಿ ಕಾಳಿನಷ್ಟು ಎರೆಹುಳದ ಚೂರಿಗೆ ಬಾಯಿ ಹಾಕುತ್ತದೆ.

ಇದಕ್ಕೆ ಮೂಲ ಕಾರಣ ಮೀನಿನ ಮೈಯ ಬಿಸಿ. ನಮ್ಮಂತೆ ಅದು ಒಂದೇ ಉಷ್ಣಾಂಶವನ್ನು ಕಾಯ್ದುಕೊಳ್ಳುವುದಿಲ್ಲ. ನೀರು ಎಷ್ಟೋ ಮೈಯೂ ಹೆಚ್ಚುಕಡಿಮೆ ಅಷ್ಟೇ. ನೀರು 10 ಡಿಗ್ರಿ ಇಳಿದರೆ ಒಡಲಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉರಿ ತಗ್ಗಿದ ಒಲೆಗೆ ಕಟ್ಟಿಗೆ ಕಡಿಮೆ ಸಾಕು. ತಿಂದದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಸ್ನಾಯು ನಿಧಾನಕ್ಕೆ ಕುಗ್ಗುತ್ತದೆ, ಬೆನ್ನಟ್ಟುವ ವೇಗ ಕುಂದುತ್ತದೆ. ಉಸಿರಿನ ಕೊರತೆ ಇದಕ್ಕೆ ಕಾರಣವಲ್ಲ. 30 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 15 ಡಿಗ್ರಿಯಲ್ಲಿ ಸುಮಾರು 10 ಮಿಲಿಗ್ರಾಂ ಕರಗಬಲ್ಲದು. ತಂಪು ನೀರಿನ ಮೀನಿಗೆ ಗಾಳಿಯಿದೆ, ಅವಸರವಿಲ್ಲ.

ಆದರೆ ಯಾವ ನೀರು ಥಂಡಿ ಎಂಬುದನ್ನು ಥರ್ಮಾಮೀಟರ್ ಒಂದೇ ಹೇಳಲಾರದು. ನಮ್ಮ ಕೆರೆಗಳಲ್ಲಿ ಗಾಳಕ್ಕೆ ಸುಲಭವಾಗಿ ಸಿಗುವ ಅಂಗೈ ಅಗಲದ ಮೀನೆಂದರೆ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ. ಆಫ್ರಿಕಾದ ಆಗ್ನೇಯ ಭಾಗದ ಮೊಜಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಬಿಸಿ ನಾಡಿನ ಈ ಮೀನು 30 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. 20 ಡಿಗ್ರಿಗೆ ಬಂದರೆ ಮಂಕಾಗುತ್ತದೆ. 16ರ ಸುಮಾರಿಗೆ ಮೇಯುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ. ಅದೇ ಗಾತ್ರದ, ಉತ್ತರ ಅಮೆರಿಕದ ಬ್ಲೂಗಿಲ್‌ಗೆ 20 ಡಿಗ್ರಿ ಹಿತವಾದ ನೀರು. ಮಂಜುಗಡ್ಡೆ ಕಟ್ಟಿದ ಸರೋವರದ ಅಡಿಯಲ್ಲಿ, 4 ಡಿಗ್ರಿ ನೀರಿನಲ್ಲೂ ಅದು ಅಷ್ಟಿಷ್ಟು ತಿನ್ನುತ್ತದೆ. ಅಲ್ಲಿನವರು ಮಂಜಿಗೆ ತೂತು ಕೊರೆದು, ಅರ್ಧ ಗ್ರಾಂಗೂ ಹಗುರವಾದ ‘ಜಿಗ್’ ಇಳಿಬಿಟ್ಟು ಅದನ್ನು ಹಿಡಿಯುತ್ತಾರೆ. ಜಿಗ್ ಎಂದರೆ ಗಾಳದ ಕೊರಳಿಗೆ ಲೋಹದ ಪುಟ್ಟ ಗುಂಡು ಕೂಡಿಸಿ ಮಾಡಿದ ಸುಳ್ಳು ಹುಳ. ಅಲ್ಲಿಯ 4 ಡಿಗ್ರಿಗೂ ನಮ್ಮ 20 ಡಿಗ್ರಿಗೂ ಉಪಾಯ ಒಂದೇ.

ಸಣ್ಣದು ಏಕೆ ಸಲ್ಲುತ್ತದೆ? ಅಮೆರಿಕದ ಅರ್ಲ್ ವರ್ನರ್ ಮತ್ತು ಡೊನಾಲ್ಡ್ ಹಾಲ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ನೀರಚಿಗಟ ಎಂಬ ಪುಟ್ಟ ಜಲಜೀವಿಯ ಬೇರೆ ಬೇರೆ ಗಾತ್ರಗಳನ್ನು ಬ್ಲೂಗಿಲ್‌ಗಳ ಮುಂದಿಟ್ಟಾಗ, ಆಹಾರ ಧಾರಾಳವಿದ್ದರೆ ಅವು ದೊಡ್ಡದನ್ನೇ ಆಯ್ದು ತಿಂದವು. ವಿರಳವಾದಾಗ ಗಾತ್ರ ನೋಡದೆ ಎದುರಾದದ್ದನ್ನು ತಿಂದವು. ಹುಡುಕಲು ತಗಲುವ ಹೊತ್ತು ಹೆಚ್ಚಿದಂತೆ ಆಯ್ಕೆಯ ಚೌಕಾಸಿ ಕಡಿಮೆಯಾಗುತ್ತದೆ. ಚಳಿಗಾಲದ ಕೆರೆಯಲ್ಲಿ ಹಾರುವ ಕೀಟ ಕಡಿಮೆ, ಮೀನುಮರಿಯೂ ಕಡಿಮೆ. ಉಳಿಯುವುದು ಕೆಸರಿನ ಕೆಂಪು ಹುಳು, ಪಾಚಿ, ಕಣ್ಣಿಗೆ ಕಂಡೂ ಕಾಣದ ಪ್ರಾಣಿಗಳು. ಆಗ ಸಣ್ಣ ತುತ್ತೇ ಮೀನಿನ ದಿನನಿತ್ಯದ ಊಟ.

ಎರಡನೆಯದು ಬಾಯಿಯ ಕೆಲಸ. ಇಂಥ ಮೀನುಗಳು ಕಚ್ಚಿ ಎಳೆಯುವುದಕ್ಕಿಂತ ಹೀರುವುದೇ ಹೆಚ್ಚು. ದವಡೆ ತಟ್ಟನೆ ತೆರೆದಾಗ ನೀರು ಒಳನುಗ್ಗುತ್ತದೆ, ತುತ್ತು ಅದರೊಡನೆ ಸಾಗುತ್ತದೆ. ಕ್ಯಾಲಿಫೋರ್ನಿಯಾದ ಪೀಟರ್ ವೇನ್‌ರೈಟ್ ಮತ್ತು ಸಂಗಡಿಗರು ಬ್ಲೂಗಿಲ್‌ಗಳಲ್ಲಿ ಈ ಹರಿವನ್ನು ಅಳೆದಾಗ ಕಂಡದ್ದು: ಅದರ ಬಲ ಬಾಯಿಯ ಅಗಲದಷ್ಟು ದೂರ ಹೋಗುವಷ್ಟರಲ್ಲೇ ಬಹುತೇಕ ಮುಗಿಯುತ್ತದೆ. ಹಗುರವಾದ ತುತ್ತು ಅಷ್ಟಕ್ಕೇ ಒಳಹೋಗುತ್ತದೆ, ಭಾರದ್ದು ಹೊರಗೇ ಉಳಿಯುತ್ತದೆ. ಮಂದವಾದ ಮೀನು ಎರಡನೇ ಸಲ ಯತ್ನಿಸುವ ಖಾತರಿಯಿಲ್ಲ.

ಮೂರನೆಯದು ಇಳಿಯುವ ವೇಗ. ತುತ್ತಿನ ಉದ್ದ, ಅಗಲ, ದಪ್ಪ ಮೂರೂ ಅರ್ಧವಾದರೆ ತೂಕ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ನೀರಿಗೆ ಎದುರೊಡ್ಡುವ ಮೈ ಮಾತ್ರ ನಾಲ್ಕನೇ ಒಂದು ಪಾಲು ಉಳಿಯುತ್ತದೆ. ಹಾಗಾಗಿ ಸಣ್ಣದು ತಡವಾಗಿ ಇಳಿಯುತ್ತದೆ, ನಿಧಾನವಾದ ಮೀನಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ. ಇದಕ್ಕೆ ತಕ್ಕಂತೆ ಎಳೆಯೂ ಸಣ್ಣದಿರಬೇಕು, ಬೆಂಡೂ ಹಗುರವಿರಬೇಕು. ಮಂದ ಮೀನಿನ ಸೆಳೆತ ಅಷ್ಟು ನಯ. ದಪ್ಪ ಬೆಂಡು ಅದನ್ನು ತೋರಿಸುವುದಿಲ್ಲ. ಜೋಳದ ದಂಟಿನ ಬೆಂಡಿನ ಒಂದು ತುಂಡು ಸಾಕು.

ಮೀನಿಗೆ ತಕ್ಕ ತುತ್ತು ಎಂಬ ವಿಚಾರ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಾಳದ ಬೇಟೆಗೆಂದೇ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಯಾವ ಮೀನಿಗೆ ಯಾವ ಆಹಾರ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬ ವಿವರಗಳು ಅದರಲ್ಲಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದನ್ನು ಅಭ್ಯಸಿಸಿ ಬರೆದರು.

ತುತ್ತು ಸರಿಯಾದರೂ ಹೊತ್ತು, ಜಾಗ ತಪ್ಪಿದರೆ ಫಲವಿಲ್ಲ. ರಾತ್ರಿ ಮೇಲ್ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ಹೀಗೆ ಕೆರೆಯ ನೀರು ಬೆರೆತು ನಸುಕಿನ ಹೊತ್ತಿಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಹೊತ್ತೇರಿದಂತೆ ಮೊದಲು ಕಾಯುವುದು ದಂಡೆಯ ತೆಳು ನೀರು, ಅದರಲ್ಲೂ ಗಾಳಿ ತಾಗದ ಮಗ್ಗುಲು. ಜಿಲೇಬಿಗಳು ಬಿಸಿಯನ್ನು ಅರಸಿ ಅಲ್ಲಿಗೆ ಬರುತ್ತವೆ. ಬೇಸಿಗೆಯಲ್ಲಿ ಬೆಳಗಿನ ಜಾವ ಒಳ್ಳೆಯದು ಎಂಬ ರೂಢಿ ಚಳಿಗೆ ಹೊಂದುವುದಿಲ್ಲ. ಊಟದ ನಂತರದ ಮಧ್ಯಾಹ್ನವೇ ಮೇಲು. ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಮೊದಲು ಬೇಕು.

ಸಣ್ಣ ಗಾಳಕ್ಕೂ ಮಿತಿಯಿದೆ. ಅದು ಮೀನಿಗೆ ಹಸಿವು ಹುಟ್ಟಿಸುವುದಿಲ್ಲ, ಇರುವ ಅಷ್ಟಿಷ್ಟು ಹಸಿವಿಗೆ ಹೊಂದಿಕೊಳ್ಳುತ್ತದೆ ಅಷ್ಟೇ. ಸತತ ಥಂಡಿಗೆ ನೀರು 16 ಡಿಗ್ರಿಗಿಂತ ಕೆಳಗಿಳಿದರೆ ಕಾಳಿನಷ್ಟು ತುತ್ತಿಗೂ ಜಿಲೇಬಿ ಬಾಯಿ ತೆರೆಯುವುದು ಅಪರೂಪ. ಆಗ ಗಾಳವನ್ನು ಇನ್ನೂ ಸಣ್ಣದು ಮಾಡುವುದಕ್ಕಿಂತ, ಎರಡು ದಿನ ಬಿಸಿಲು ಬೀಳಲಿ ಎಂದು ಮನೆಯಲ್ಲಿ ಕೂಡುವುದೇ ಜಾಣತನ.