ಜೋಳಿಗೆ, ಗುಲಾಬಿ ಮತ್ತು ನೂರು ಗಜ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾದು ನಿಂತಾಗಲೆಲ್ಲ ನನ್ನ ದೃಷ್ಟಿ ಹೋಗುವುದು ಪಾನ್ ಅಂಗಡಿಯ ಮುಂದೆ ತೋರಣದಂತೆ ತೂಗುವ ತಂಬಾಕಿನ ಚೀಟಿಗಳ ಸರದ ಮೇಲೆ, ಅದರ ಕೆಳಗೆ ಎಳೆಯರ ಕೈಗೆಟಕುವ ಎತ್ತರದಲ್ಲಿಟ್ಟ ಪೆಪ್ಪರಮಿಂಟಿನ ಡಬ್ಬಿಯ ಮೇಲೆ. ‘ಓಡಿ ಹೋಗಿ ಒಂದು ಕಟ್ಟು ಬೀಡಿ ತಗೊಂಡ ಬಾರೋ ತಮ್ಮಾ’ ಎಂದು ಅಜ್ಜ ಚಿಲ್ಲರೆ ಕೈಗಿತ್ತು ಕಳುಹಿದಾಗ, ಉಳಿದ ಐದು ಪೈಸೆಯ ಪೆಪ್ಪರಮಿಂಟು ನನ್ನದೆಂಬ ಹರ್ಷದಲ್ಲಿ ಓಡಿದ ಬಾಲಕರಲ್ಲಿ ನಾನೂ ಒಬ್ಬನಾಗಿದ್ದುದರಿಂದ, ಆ ಎರಡು ವಸ್ತುಗಳ ಸಾಮೀಪ್ಯ ನನಗೆ ಆಕಸ್ಮಿಕವೆಂದು ತೋರುವುದಿಲ್ಲ. ಅಂದು ತಂಬಾಕಿನ ವ್ಯವಹಾರದಲ್ಲಿ ಮಗುವಿಗಿದ್ದ ಸ್ಥಾನ ದೂತನದು. ಆ ದೂತನು ಅರ್ಜಿದಾರನಾದ ಬಗೆಯನ್ನು ಅರಸುತ್ತ ಹೊರಟಾಗ ನನಗೆ ಎದುರಾದುದು 1975ನೆಯ ಇಸವಿ.

ಆ ವರ್ಷ ದೆಹಲಿಯ ಸಂಸತ್ತು ಎರಡು ಶಾಸನಗಳನ್ನು ಮಾಡಿತು. ಒಂದು, ವರ್ಜೀನಿಯಾ ತಂಬಾಕಿನ ಕೃಷಿಯನ್ನೂ ರಫ್ತನ್ನೂ ಪೋಷಿಸಲು ತಂಬಾಕು ಮಂಡಳಿಯನ್ನು ಸ್ಥಾಪಿಸುವ ಶಾಸನ. ಇನ್ನೊಂದು, ಸಿಗರೇಟು ಆರೋಗ್ಯಕ್ಕೆ ಹಾನಿಕರವೆಂಬ ಒಂದು ಸಾಲನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ಶಾಸನ. ಈ ಎರಡನೆಯದು ಬೀಡಿಯನ್ನಾಗಲಿ, ಸುಣ್ಣದೊಡನೆ ಅಂಗೈಯಲ್ಲಿ ತಿಕ್ಕಿ ದವಡೆಯಲ್ಲಿಡುವ ತಂಬಾಕನ್ನಾಗಲಿ ಮುಟ್ಟಲಿಲ್ಲವಾದುದರಿಂದ, ಬಾದಾಮಿ ಹುನಗುಂದಗಳ ಹೊಲಗಳಲ್ಲಿ ದುಡಿಯುವವರ ಪಾಲಿಗೆ ಅದು ಇದ್ದೂ ಇಲ್ಲದಂತಾಯಿತು. ಅದೇ ವರ್ಷ ಇಳಕಲ್ಲಿನಲ್ಲಿ ಒಬ್ಬ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಬೀದಿಗಿಳಿದರು.

ಚಿತ್ತರಗಿ-ಇಳಕಲ್ಲಿನ ವಿಜಯಮಹಾಂತೇಶ್ವರ ಮಠದ ಪೀಠವನ್ನಲಂಕರಿಸಿದ್ದ, 1930ರ ಆಗಸ್ಟ್ 1ರಂದು ಹಿಪ್ಪರಗಿಯಲ್ಲಿ ಜನಿಸಿದ ಮಹಾಂತ ಶಿವಯೋಗಿಗಳು ಬೇಡಿದುದು ಜೋಳವನ್ನಲ್ಲ, ಕಾಣಿಕೆಯನ್ನಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರೆಂದು ಅವರು ಮನೆಮನೆಯ ಮುಂದೆ ನಿಂತರು. ಜಂಗಮನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಭಾವ ರಕ್ತಗತವಾದ ಈ ಸೀಮೆಯಲ್ಲಿ, ಇಂಥ ಭಿಕ್ಷೆಯನ್ನು ಕೇಳಿದೊಡನೆ ಮನೆಯ ಯಜಮಾನನಿಗೆ ಒದಗಿರಬಹುದಾದ ಸಂಕಟವನ್ನು ನಾನು ಬಹು ಸಲ ಊಹಿಸಿಕೊಂಡಿದ್ದೇನೆ: ಕೊಟ್ಟರೆ ತನ್ನ ಬಹುಕಾಲದ ಸಂಗಾತಿಯನ್ನೇ ಕೊಡಬೇಕು, ಕೊಡದಿದ್ದರೆ ಜೋಳಿಗೆ ಬರಿದಾಗಿ ಮುಂದಿನ ಮನೆಗೆ ಹೋಗುತ್ತದೆ, ಮತ್ತು ಅದನ್ನು ಬಾಗಿಲ ಸಂದಿಯಿಂದ ಹೆಂಡತಿ ಮಕ್ಕಳು ನೋಡುತ್ತಿರುತ್ತಾರೆ. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಸಂಚಾರ ದಶಕಗಳ ಕಾಲ ನಡೆಯಿತು. ಸ್ವಾಮಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ, ಆ ದಿನ ಶಾಲೆಯ ಮಕ್ಕಳು ಫಲಕ ಹಿಡಿದು ಬೀದಿಯಲ್ಲಿ ನಡೆಯುತ್ತಾರೆ. ಆದರೆ ಫಲಕವನ್ನು ಹಿಡಿಯುವುದು ಜೋಳಿಗೆಯನ್ನು ಚಾಚಿದಷ್ಟು ಕಷ್ಟದ ಕೆಲಸವಲ್ಲ. ಎದುರಿಗಿದ್ದವನ ಮುಖವನ್ನು ನೋಡದೆಯೂ ಫಲಕದೊಡನೆ ಮುಂದೆ ಸಾಗಬಹುದು. ಈ ವ್ಯತ್ಯಾಸ ನನ್ನನ್ನು ನೋಯಿಸುತ್ತದೆ.

ನಡುವಿನ ಶಾಸನಗಳ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 2003ರಲ್ಲಿ ಬೀಡಿ, ಗುಟಕಾ ಮೊದಲಾದ ಎಲ್ಲ ತಂಬಾಕನ್ನೂ ಒಳಗೊಂಡ ಕೇಂದ್ರ ಕಾಯಿದೆ ಬಂದಿತು. ಹದಿನೆಂಟು ತುಂಬದವರಿಗೂ, ಶಾಲೆಯಿಂದ ನೂರು ಗಜದೊಳಗೂ ಮಾರಾಟ ನಿಷಿದ್ಧವಾಯಿತು. 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ದಂಡದ ನಿಯಮ ಬಿಗಿಯಾಯಿತು. 2013ರಲ್ಲಿ ಕರ್ನಾಟಕವು ಗುಟಕಾವನ್ನು ನಿಷೇಧಿಸಿದ ಮೇಲೆ ಪಾನ್‌ ಮಸಾಲೆಯ ಚೀಟಿಯೊಂದು, ತಂಬಾಕಿನ ಚೀಟಿಯೊಂದು ಜೋಡಿಯಾಗಿ ಅಂಗಡಿಗೆ ಮರಳಿ, ಗಿರಾಕಿಯ ಅಂಗೈಯಲ್ಲಿ ಕೂಡಿ ಮತ್ತೆ ಗುಟಕಾ ಆದವು.

ಆ ನೂರು ಗಜದ ಮಾತಿನಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ನಿಯಮದ ಪ್ರಕಾರ ಆ ಅಂತರವನ್ನು ಶಾಲೆಯ ಆವರಣದ ಗೋಡೆ ಅಥವಾ ಬೇಲಿಯ ಹೊರಅಂಚಿನಿಂದ ಸುತ್ತಲೂ ಅಳೆಯಬೇಕು, ಅಂದರೆ ಸುಮಾರು 91 ಮೀಟರ್. ಗೋಡೆಯೇ ಬಿದ್ದುಹೋದ, ಬೇಲಿಯೇ ಇಲ್ಲದ ಹಳ್ಳಿಯ ಶಾಲೆಯಲ್ಲಿ ಅಳತೆಯ ಟೇಪಿನ ತುದಿಯನ್ನು ಎಲ್ಲಿ ಒತ್ತಿಹಿಡಿಯಬೇಕು? ಈಚೆಗೆ ತಂಬಾಕುಮುಕ್ತ ಶಾಲೆಗಳ ಮಾರ್ಗಸೂಚಿಯಂತೆ ಆ ಎಲ್ಲೆಯಲ್ಲಿ ಹಳದಿ ಗೆರೆಯನ್ನು ಎಳೆಯುವ ಕ್ರಮ ಬಂದಿದೆ. ಅದರೊಡನೆ, ಜಿಲ್ಲೆಗಳ ತಂಬಾಕು ನಿಯಂತ್ರಣ ಕೋಶಗಳು ನಡೆಸುವ ‘ಗುಲಾಬಿ ಆಂದೋಲನ’ದಲ್ಲಿ ಮಕ್ಕಳು ಅಂಗಡಿಕಾರರ ಬಳಿಗೂ ತಂಬಾಕು ಸೇವಿಸುವವರ ಬಳಿಗೂ ಹೋಗಿ ಗುಲಾಬಿ ಹೂವನ್ನು ಕೊಟ್ಟು, ಇದನ್ನು ಬಿಡಿರೆಂದು ಕೇಳಿಕೊಳ್ಳುತ್ತಾರೆ. ಫಲಕದಲ್ಲಿ ಕಳೆದುಹೋದುದು ಈ ಹೂವಿನಲ್ಲಿ ಮರಳಿ ಬಂದಂತೆ ನನಗೆ ಕಾಣುತ್ತದೆ: ಮತ್ತೆ ಮುಖಕ್ಕೆ ಮುಖ, ಮತ್ತೆ ಯಾಚನೆ. ಜೋಳಿಗೆ ತಿನ್ನುವವನ ಬಾಗಿಲಿಗೆ ಹೋಗಿತ್ತು. ಗುಲಾಬಿಯು ಮಾರುವವನ ಕಟ್ಟೆಗೂ ಹೋಯಿತು.

ಅಲ್ಲಿಂದ ಶಾಸನದ ಬಾಗಿಲು ಒಂದೇ ಹೆಜ್ಜೆ. ದೆಹಲಿಯಲ್ಲಿ 1992ರಲ್ಲಿ ಹುಟ್ಟಿದ ‘ಹೃದಯ್’ ಸಂಸ್ಥೆ ವಿದ್ಯಾರ್ಥಿಗಳೇ ಬಿಗಿಯಾದ ಕಾನೂನನ್ನು ಕೇಳುವ ಪರಿಪಾಠವನ್ನು ಬೆಳೆಸಿತ್ತು. ನಮ್ಮಲ್ಲಿ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಅಂಥ ಮಾತಿಗೆ ಯೋಗ್ಯವಾದ ವೇದಿಕೆ, ಏಕೆಂದರೆ ಅಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದ ದೂರನ್ನು ಅಧ್ಯಕ್ಷರು ಎಲ್ಲರೆದುರು ಕೇಳಿಸಿಕೊಳ್ಳಲೇಬೇಕು. ಹದಿಮೂರರಿಂದ ಹದಿನೈದು ವಯಸ್ಸಿನ ವಿದ್ಯಾರ್ಥಿಗಳಲ್ಲಿ ನೂರಕ್ಕೆ 8.5 ಮಂದಿ ತಂಬಾಕು ಬಳಸುತ್ತಿದ್ದಾರೆಂದು 2019ರ ರಾಷ್ಟ್ರೀಯ ಸಮೀಕ್ಷೆ ತೋರಿಸಿರುವಾಗ, ಈ ದೂರು ಅವರ ಸ್ವಂತ ದೂರೇ ಆಗಿದೆ. ಕರ್ನಾಟಕದ ವಿಧಾನಸಭೆ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿ, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ, 2003ರ ಆ ಕಾಯಿದೆಯ ತಿದ್ದುಪಡಿಯು ವಯಸ್ಸಿನ ಮಿತಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು, ಹುಕ್ಕಾ ಬಾರುಗಳನ್ನು ನಿಷೇಧಿಸಿತು, ಸಿಗರೇಟನ್ನು ಬಿಡಿಯಾಗಿ ಮಾರುವುದನ್ನೂ ತಡೆಯಿತು. ಈ ಕೊನೆಯದು ಎಲ್ಲಕ್ಕಿಂತ ಹಿರಿದೆಂಬುದು ನನ್ನ ಅಭಿಪ್ರಾಯ: ಬಿಡಿ ಸಿಗರೇಟು ಹುಡುಗನ ಕಿಸೆಯ ಚಿಲ್ಲರೆಗೆ ದಕ್ಕುತ್ತದೆ, ಮತ್ತು ಪೊಟ್ಟಣದ ಮೇಲಿನ ಭಯಾನಕ ಚಿತ್ರ ಅದರೊಡನೆ ಅವನ ಕೈಗೆ ಬರುವುದಿಲ್ಲ.

ಇನ್ನೊಂದು ಬೇಡಿಕೆ ಉಳಿದಿದೆ. ತಂಬಾಕು ಮಾರಲು ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು, ಅಂಥ ಅಂಗಡಿಯಲ್ಲಿ ಬಿಸ್ಕತ್ತು, ಮಿಠಾಯಿಗಳನ್ನು ಮಾರಬಾರದು ಎಂದು 2017ರಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಸಲಹೆಯ ಪತ್ರ ಬರೆದಿತ್ತು. ಮೊನ್ನೆ ಕ್ರಾಸಿನಲ್ಲಿ ಬಸ್ಸಿಳಿದಾಗ ಸಮವಸ್ತ್ರದ ಪುಟ್ಟ ಹುಡುಗನೊಬ್ಬ ಅಂಗಡಿಯ ಕಟ್ಟೆಗೆ ಎದೆಯೂರಿ, ತೂಗುವ ಚೀಟಿಗಳನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯನ್ನು ಪೆಪ್ಪರಮಿಂಟಿನ ಡಬ್ಬಿಯೊಳಗೆ ಇಳಿಬಿಟ್ಟಿದ್ದನು.